ಈಜುಕೊಳದ ಸುತ್ತ ಯಾವ ಕಲ್ಲು ಹಾಸಬೇಕು?

ಪ್ರಶ್ನೆ (ಪರ್ವರಿ, ಗೋವಾ):
ಮಾನ್ಯರೇ, ನಮ್ಮ ಹಿತ್ತಲಿನ 22 ಅಡಿ ಉದ್ದದ ಈಜುಕೊಳದ ಸುತ್ತ 4 ಅಡಿ ಅಗಲಕ್ಕೆ ಕಲ್ಲು ಹಾಸಿಸಬೇಕಾಗಿದೆ. ಅಂಗಡಿಯವರು ಪಾಲಿಶ್ ಮಾಡಿದ ಕೋಟಾ ಕಲ್ಲು ಹೇಳುತ್ತಾರೆ, ಮನೆಯವರಿಗೆ ಕಪ್ಪು ಕಡಪ ಇಷ್ಟ, ನನಗೆ ಸಾದರಹಳ್ಳಿ ಗ್ರಾನೈಟ್ ತರಿಸುವ ಆಸೆ. ನೀರಿಗೆ ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರ ಇರಿಸಿದ್ದೇವೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1 (ಮಡಗಾಂವ್, ಕಲ್ಲು ಹಾಸುವ ಗುತ್ತಿಗೆದಾರ):
ಕಲ್ಲಿನ ಹೆಸರಿಗಿಂತ ಅದರ ಮೈ ಹೇಗಿದೆ ಎಂಬುದನ್ನು ಮೊದಲು ನೋಡಿರಿ. ಪಾಲಿಶ್ ಆದ ಕಲ್ಲು ಯಾವುದೇ ಆಗಲಿ, ಒದ್ದೆ ಕಾಲಿಗೆ ಜಾರುತ್ತದೆ. ಕಡಪವಂತೂ ಏಪ್ರಿಲ್ ಮಧ್ಯಾಹ್ನ ಕಾದ ಹೆಂಚಿನಂತಾಗಿ ಬರಿಗಾಲು ಇಡಲಾಗುವುದಿಲ್ಲ. ಗ್ರಾನೈಟಿನ ಮೇಲೆ ಬೆಂಕಿಯ ಜ್ವಾಲೆ ಹಾಯಿಸಿದರೆ ಮೇಲ್ಪದರದ ಹರಳುಗಳು ಸಿಡಿದು ಮೈ ತರಿತರಿಯಾಗುತ್ತದೆ. ಇದನ್ನೇ ನಾವು ಫ್ಲೇಮ್ ಫಿನಿಶ್ ಎನ್ನುತ್ತೇವೆ. ಬೂದು ಬಣ್ಣದ ಸಾದರಹಳ್ಳಿಯನ್ನು 30 ಮಿ.ಮೀ. ದಪ್ಪದಲ್ಲಿ ಹಾಗೆ ಮಾಡಿಸಿ ತರಿಸಿದರೆ ನಿಮ್ಮ ಆಸೆಯೂ ಈಡೇರುತ್ತದೆ, ಕಾಲೂ ಜಾರುವುದಿಲ್ಲ.

ಉತ್ತರ 2 (ಮಾಪುಸಾ):
ಉಪ್ಪಿನ ಯಂತ್ರವಿದ್ದರೆ ಮರಳುಗಲ್ಲಿನ ಕಡೆ ತಲೆಹಾಕಬೇಡಿ. ಅಂತಹ ಕೊಳದಲ್ಲಿ ಲೀಟರಿಗೆ ಸುಮಾರು 3–4 ಗ್ರಾಂ ಉಪ್ಪಿರುತ್ತದೆ; ಚಿಮ್ಮಿದ ನೀರು ಕಲ್ಲಿನ ರಂಧ್ರಗಳಿಗೆ ಇಳಿದು ಆರಿದಾಗ ಅಲ್ಲೇ ಉಪ್ಪು ಹರಳುಗಟ್ಟಿ ಒಳಗಿನಿಂದ ಒತ್ತುತ್ತದೆ. ನಮ್ಮಲ್ಲಿ ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಕೊಳದ ಅಂಚಿನ ಕಲ್ಲು ಹಪ್ಪಳದಂತೆ ಪದರು ಬಿಡತೊಡಗಿತ್ತು, ಬೆರಳಲ್ಲಿ ಉಜ್ಜಿದರೆ ಪುಡಿ ಉದುರುತ್ತಿತ್ತು. ಹಾಕಿದವರು ಸೀಲರ್ (ನೀರು ಒಳಗಿಳಿಯದಂತೆ ಕಲ್ಲಿಗೆ ಬಳಿಯುವ ದ್ರವ) ಬಳಿದಿರಲೇ ಇಲ್ಲವೆಂದು ಆಮೇಲೆ ತಿಳಿಯಿತು.

ಉತ್ತರ 3 (ವಾಸ್ಕೋ):
ಕಲ್ಲು ಯಾವುದಾದರೂ ವಾಟ ಮರೆಯಬೇಡಿ. ಕೊಳದಿಂದ ಹೊರಕ್ಕೆ 4 ಅಡಿಗೆ ಅರ್ಧ ಇಂಚಿಗಿಂತ ತುಸು ಹೆಚ್ಚು ಇಳಿಜಾರು ಬೇಕು, ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಕೆಂಪು ನೀರೆಲ್ಲ ಕೊಳಕ್ಕೇ ಬರುತ್ತದೆ, ನಿಂತ ಕಡೆ ಪಾಚಿ ಕಟ್ಟುತ್ತದೆ. ಕೋಟಾವನ್ನೇ ಆರಿಸುವುದಾದರೆ, ಸಿಮೆಂಟಿನ ಕಲೆ ತೆಗೆಯಲು ಮೇಸ್ತ್ರಿ ಆಸಿಡ್ ಸುರಿಯದಂತೆ ಎದುರಿಗೇ ನಿಂತು ನೋಡಿಕೊಳ್ಳಿ. ಅದು ಸುಣ್ಣದ ಕಲ್ಲಾದ್ದರಿಂದ ಆಸಿಡ್ ಬಿದ್ದಲ್ಲಿ ನೊರೆಯೆದ್ದು ಮೈ ಸವೆಯುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮೂರೂ ಕಲ್ಲಿನ ತುಂಡುಗಳನ್ನು ತಂದು ಸೋಪು ನೀರು ಹಾಕಿ ಬರಿಗಾಲಲ್ಲಿ ನಿಂತು ನೋಡಿದೆವು. ಕಡಪದ ಮೇಲೆ ಜಾರಿ ನನ್ನ ತೋಳು ಹಿಡಿದುಕೊಂಡ ಮನೆಯವರು ತಾವಾಗಿಯೇ ಗ್ರಾನೈಟಿಗೆ ಒಪ್ಪಿದರು.