ಸಹಾಯ ಬೇಕು: ಉಡುಪಿ–ಮಂಗಳೂರು ತಿಂಡಿ ಪಟ್ಟಿ ಮ್ಯಾಪ್‌ನಲ್ಲಿ ಸರಿಯಾಗಿ ಕೂರುತ್ತಿಲ್ಲ

ಮೂರು ದಿನದ ತಿಂಡಿ-ಊಟದ ಸುತ್ತಾಟಕ್ಕೆ 42 ಜಾಗ ಗೂಗಲ್ ಮ್ಯಾಪ್ಸ್‌ನಲ್ಲಿ ಸೇವ್ ಆಗಿವೆ. ಗೂಗಲ್ ಟೇಕ್‌ಔಟ್‌ನಿಂದ (ನಮ್ಮ ಡೇಟಾ ಇಳಿಸಿಕೊಳ್ಳುವ ಸೇವೆ) ಇಳಿಸಿದ ಸಿಎಸ್‌ವಿ ಪಟ್ಟಿ ಫೈಲಿನಲ್ಲಿ ಹೆಸರು, ನೋಟ್, ಲಿಂಕ್ ಇವೆ, ಅಕ್ಷಾಂಶ-ರೇಖಾಂಶ ಇಲ್ಲ. ಅದನ್ನು ಮೈ ಮ್ಯಾಪ್ಸ್‌ಗೆ (ನಮ್ಮದೇ ಮ್ಯಾಪ್ ಮಾಡಿಕೊಳ್ಳುವ ಗೂಗಲ್ ಸಾಧನ) ಹಾಕುವಾಗ ಬರೀ ಹೆಸರಿನ ಕಾಲಂ ಕೊಟ್ಟರೆ ‘ವುಡ್‌ಲ್ಯಾಂಡ್ಸ್’ ಹೋಟೆಲ್ ಚೆನ್ನೈಗೆ ಹೋಗಿ ಕೂತರೂ ಆಶ್ಚರ್ಯವಿಲ್ಲ. ಪಕ್ಕದಲ್ಲಿ ‘ರಥಬೀದಿ, ಉಡುಪಿ’ ಥರದ ವಿಳಾಸದ ಕಾಲಂ ಸೇರಿಸಿ ಎರಡನ್ನೂ ಟಿಕ್ ಮಾಡಿದ ಮೇಲೆ ಮಿತ್ರ ಸಮಾಜದಂಥ ಹೆಸರಾಂತ ಹೋಟೆಲುಗಳು ಸರಿಹೋದವು. ಬೋರ್ಡೂ ಇಲ್ಲದ ಮೀನೂಟದ ಜಾಗಗಳು ಮಾತ್ರ ಊರ ನಡುವೆ ಒಂದೇ ಪಿನ್ನಿನ ಮೇಲೆ ರಾಶಿ ಬಿದ್ದಿವೆ.

ಎಪಿಐ ಕೀ (ಪ್ರೋಗ್ರಾಂ ಮೂಲಕ ಗೂಗಲ್ ಸೇವೆ ಬಳಸಲು ಬೇಕಾದ ಕೋಡ್) ಇಲ್ಲದೆ, ಲಿಂಕ್‌ಗಳಿಂದ ಅಕ್ಷಾಂಶ-ರೇಖಾಂಶ ಒಟ್ಟಿಗೆ ತೆಗೆಯುವ ದಾರಿ ಯಾರಿಗಾದರೂ ಗೊತ್ತಾ? ಒಂದೊಂದೇ ಪಿನ್ ಒತ್ತಿ ಕಾಪಿ ಮಾಡುವುದು ಗೊತ್ತು, ಅದು ಬೇಡ.

ಮೈ ಮ್ಯಾಪ್ಸ್‌ನಲ್ಲಿ ಲೇಯರ್‌ಗಳನ್ನು (ಪಿನ್‌ಗಳ ಗುಂಪು) ಹೊತ್ತಿನ ಪ್ರಕಾರ ಮಾಡಿದೆ: ಬೆಳಗ್ಗೆ ಬನ್ಸ್, ಮಧ್ಯಾಹ್ನ ಮೀನೂಟ, ಸಂಜೆ ಗೋಳಿಬಜೆ. ದಾರಿಯ ಲೇಯರ್ ಒಂದಕ್ಕೆ 10 ಜಾಗವೇ ಮಿತಿ, ಹಾಗಾಗಿ ದಿನಕ್ಕೊಂದು ದಾರಿ.

ಕರಾವಳಿಯವರೇ, ಇನ್ನೊಂದು: ಮ್ಯಾಪ್‌ನಲ್ಲಿ ‘ತೆರೆದಿದೆ’ ಅಂತಿದ್ದರೂ ಮೀನೂಟ ಎಷ್ಟು ಗಂಟೆಗೆ ಖಾಲಿಯಾಗುತ್ತದೆ, ವಾರದ ರಜೆ ಯಾವತ್ತು, ಗೊತ್ತಿರುವ ಹೋಟೆಲಿನದು ಹೇಳಿ. ನೋಟ್ ಕಾಲಂನಲ್ಲಿ ಸೇರಿಸಿಕೊಳ್ಳುತ್ತೇನೆ.