ಬಿಲ್ಲಿಗೆ ಸೇರದ ಗಂಟೆಗಳನ್ನು ಹೇಗೆ ನಿಭಾಯಿಸಬೇಕು?

ಪ್ರಶ್ನೆ: ತೆರಿಗೆ ಸಲಹಾ ಕಚೇರಿ, ಕಲಬುರಗಿ

ಎಲ್ಲರಿಗೂ ಶರಣು. ಗಂಜ್‌ನ ಅಡತಿ ಅಂಗಡಿಗಳು ಮತ್ತು ಕೆಲವು ದಾಲ್ ಮಿಲ್‌ಗಳ ಜಿಎಸ್‌ಟಿ, ಆದಾಯ ತೆರಿಗೆ ಕೆಲಸಗಳನ್ನು ಮಾಡಿಕೊಡುವ ಸಣ್ಣ ಕಚೇರಿ ನಮ್ಮದು. ಈಚೆಗೆ ಸಹಾಯಕರಿಂದ ಟೈಮ್‌ಶೀಟ್ ಬರೆಸಲು ಆರಂಭಿಸಿದ ಮೇಲೆ, ದುಡಿಮೆಯ ಐದು ಪಾಲಿನಲ್ಲಿ ಎರಡು ಪಾಲು ಯಾವ ಗಿರಾಕಿಯ ಲೆಕ್ಕಕ್ಕೂ ಸೇರದೆ ‘ಇತರೆ’ ಎಂಬ ಕಾಲಂನಲ್ಲಿ ಬೀಳುತ್ತಿರುವುದು ಗೊತ್ತಾಯಿತು. ಇದನ್ನು ಎಷ್ಟಕ್ಕೆ ಇಳಿಸಬೇಕು, ಹೇಗೆ ಇಳಿಸಬೇಕು ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಲೆಕ್ಕಪರಿಶೋಧಕ, ಬೀದರ್

ಎಷ್ಟಕ್ಕೆ ಇಳಿಸಬೇಕು ಎನ್ನುವುದಕ್ಕಿಂತ ಮೊದಲು ಆ ‘ಇತರೆ’ಯನ್ನು ಬಿಡಿಸಿ ನೋಡಿ ಸರ್. ಪ್ರತಿ ತಿಂಗಳು 14ಕ್ಕೆ 2ಬಿ (ಖರೀದಿ ಮೇಲಿನ ಜಿಎಸ್‌ಟಿ ಜಮೆಯ ಪಟ್ಟಿ) ಬಂದ ನಂತರ 20ರ ಒಳಗೆ 3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಸಲ್ಲಿಸಬೇಕಾದ ಆ ಆರು ದಿನಗಳಲ್ಲಿ, ಖರೀದಿ ಬಿಲ್ ಕಳುಹಿಸಿ ಎಂದು ಫೋನಿನ ಮೇಲೆ ಫೋನು ಮಾಡುವುದು, ಸಾಹುಕಾರರು ಹರಾಜಿನಲ್ಲಿ ನಿಂತಿರುವಾಗ ಅವರ ಮೊಬೈಲಿಗೆ ಹೋದ ಒಟಿಪಿಗಾಗಿ ಕಾಯುವುದು, ಅದರ ಅವಧಿ ಮುಗಿದರೆ ಮತ್ತೊಮ್ಮೆ ಕಳುಹಿಸುವುದು, ಇವೆಲ್ಲ ಆಯಾ ಗಿರಾಕಿಯ ಕೆಲಸವೇ ಹೊರತು ಕಚೇರಿಯ ಕೆಲಸವಲ್ಲ. ಅವನ್ನು ಅವರವರ ಹೆಸರಿಗೇ ಬರೆಸಿ.

ಮಾಸಿಕ ಗುತ್ತಿಗೆ ಶುಲ್ಕವಿರುವಾಗ ಗಂಟೆ ಬರೆದು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ತಿಂಗಳಿಗೆ 20,000 ರೂಪಾಯಿ ಸಂಬಳದ ಸಹಾಯಕರು 200 ಗಂಟೆ ದುಡಿದರೆ ಗಂಟೆಗೆ ತಗಲುವ ಖರ್ಚು 100 ರೂಪಾಯಿ. ಅದರಲ್ಲಿ 120 ಗಂಟೆಗೆ ಮಾತ್ರ ಹಣ ಬರುವುದಾದರೆ ಅದೇ ಖರ್ಚು ಸುಮಾರು 167 ರೂಪಾಯಿ ಆಗುತ್ತದೆ. ಬಾಡಿಗೆ, ಕರೆಂಟು ಇದರಲ್ಲಿ ಸೇರಿಲ್ಲ. ಯಾವ ಗಿರಾಕಿಯ ಶುಲ್ಕ ಈ ಖರ್ಚನ್ನೂ ಮುಟ್ಟುತ್ತಿಲ್ಲ ಎಂಬುದು ಗಂಟೆ ಬರೆದಾಗಲೇ ತಿಳಿಯುತ್ತದೆ.

ಉತ್ತರ 2: ಸಿವಿಲ್ ಎಂಜಿನಿಯರ್, ಯಾದಗಿರಿ

ನಕ್ಷೆ ತಯಾರಿಸುವ ನಮ್ಮ ಕಚೇರಿಯಲ್ಲಿ ಸೋರಿಕೆಯೆಲ್ಲ ಓಡಾಟದ್ದೇ. ಸುರಪುರ, ಶಹಾಪುರದ ಸೈಟುಗಳಿಗೆ ಹೋಗಿಬರುವ ಸಮಯವನ್ನು ಈಗ ಅಂದಾಜು ಪಟ್ಟಿಯಲ್ಲೇ ಪ್ರತ್ಯೇಕ ಸಾಲಾಗಿ ತೋರಿಸುತ್ತೇವೆ. ಏಪ್ರಿಲ್‌, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಾಗ, 12ಕ್ಕೆ ಹೊರಟ ಹುಡುಗ ಬರಿಗೈಯಲ್ಲಿ ಮರಳುವುದು ಖಚಿತ. ಆ ಅರ್ಧ ದಿನವನ್ನು ಯಾರಿಗೂ ಬಿಲ್ ಮಾಡಲಾಗದು.

ಉತ್ತರ 3: ತೆರಿಗೆ ವಕೀಲ, ಕಲಬುರಗಿ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ. ‘ಇತರೆ’ ಕಡಿಮೆ ಮಾಡಿ ಎಂದು ಒತ್ತಾಯಿಸಿದರೆ ಸಹಾಯಕರು ಖಾಲಿ ಗಂಟೆಗಳನ್ನು ಯಾವುದಾದರೂ ದೊಡ್ಡ ಗಿರಾಕಿಯ ಹೆಸರಿಗೆ ಬರೆದುಬಿಡುತ್ತಾರೆ, ಆಗ ನಿಮ್ಮ ಟೈಮ್‌ಶೀಟೇ ಸುಳ್ಳಾಗುತ್ತದೆ. ಕಲಿಕೆಯ ಸಮಯಕ್ಕಂತೂ ಕತ್ತರಿ ಹಾಕಬೇಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯ ಕಾಲ. ಇವನ್ನು ಓದುವ ಹೊತ್ತನ್ನು ಒಬ್ಬ ಗಿರಾಕಿಗೆ ಹಚ್ಚಲಾಗದು, ಓದದಿದ್ದರೆ ಎಲ್ಲ ಗಿರಾಕಿಗಳ ನೋಟಿಸ್‌ಗೂ ನೀವೇ ಉತ್ತರ ಬರೆಯಬೇಕಾಗುತ್ತದೆ. 20ನೇ ತಾರೀಖು ಕಳೆದ ಮೇಲಿನ ವಾರವನ್ನು ಇದಕ್ಕೆ ಮೀಸಲಿಡಿ.

ಪ್ರಶ್ನೆ ಕೇಳಿದವರು:

ತಮ್ಮೆಲ್ಲರಿಗೂ ಧನ್ಯವಾದ. ತಡವಾಗಿ ಕಾಗದ ಕೊಡುವ ಹಳೆಯ ಸಾಹುಕಾರರಿಗೆ ಹೆಚ್ಚಿನ ಶುಲ್ಕ ಹೇಳುವುದು ಹೇಗೆ? ತಂದೆಯವರ ಕಾಲದಿಂದಲೂ ಬರುತ್ತಿರುವವರು.

ಉತ್ತರ 1ರವರು:

ಒಮ್ಮೆಲೇ ಹೇಳಬೇಡಿ ಸರ್. ಮೊದಲು ಕೆಲವು ತಿಂಗಳು ಬಿಲ್ಲಿನಲ್ಲಿ ‘ತಡವಾದ ದಾಖಲೆಗಳ ಹೆಚ್ಚುವರಿ ಕೆಲಸ’ ಎಂದು ಗಂಟೆ ಮತ್ತು ಮೊತ್ತ ಬರೆದು, ಅದರ ಕೆಳಗೇ ಅಷ್ಟನ್ನೂ ರಿಯಾಯಿತಿ ಎಂದು ಕಳೆದು ತೋರಿಸಿ. ಕೆಲವರು ಅದನ್ನು ನೋಡಿಯೇ 10ರೊಳಗೆ ಬಿಲ್ಲುಗಳನ್ನು ಕಳುಹಿಸತೊಡಗುತ್ತಾರೆ. ಉಳಿದವರಿಗೆ ಏಪ್ರಿಲ್‌ನಲ್ಲಿ ಹೊಸ ವರ್ಷದ ಶುಲ್ಕ ಮಾತಾಡುವಾಗ ಅದೇ ಬಿಲ್ಲುಗಳನ್ನು ಮುಂದಿಡಿ.