ಪದಚರ್ಚೆ: ಮನೆ ನಕ್ಷೆಯ ತಂತ್ರಾಂಶದಲ್ಲಿ ‘ಬ್ಯಾಕಪ್’, ‘ವರ್ಷನ್’, ‘ಆರ್ಕೈವ್’ – ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಮನೆ ವಿನ್ಯಾಸದ ತಂತ್ರಾಂಶ ಕಲಿಯುವ ಡ್ರಾಫ್ಟ್ಸ್‌ಮನ್ ವಿದ್ಯಾರ್ಥಿಗಳಿಗಾಗಿ ಕನ್ನಡ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಗೋಡೆ, ಕಿಟಕಿ, ಮೆಟ್ಟಿಲು, ಸಜ್ಜಾ ಬರೆಯುವ ಭಾಗಗಳಿಗೆ ಪದಗಳ ಕೊರತೆ ಆಗಲಿಲ್ಲ. ಕಡತ ಉಳಿಸುವ ಅಧ್ಯಾಯಕ್ಕೆ ಬಂದಾಗ ಬರವಣಿಗೆ ನಿಂತಿದೆ. ಕರಡಿನಲ್ಲಿ ಈಗ ಇರುವ ಮೂರು ವಾಕ್ಯ ಹೀಗಿವೆ:

“ಯೋಜನೆಯನ್ನು ಹಳೆಯ ಆವೃತ್ತಿಯಲ್ಲಿ ಉಳಿಸಿ.”
“ಸ್ವಯಂಚಾಲಿತ ಬ್ಯಾಕಪ್‌ನಿಂದ ಮರುಸ್ಥಾಪಿಸಿ.”
“ಕೆಲಸ ಮುಗಿದ ಮೇಲೆ ಸಂಪೂರ್ಣ ಯೋಜನೆಯ ಬ್ಯಾಕಪ್ ಮಾಡಿ.”

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದನ್ನು ಓದಿದ ವಿದ್ಯಾರ್ಥಿಗೆ ಯಾವ ಕಡತ, ಎಲ್ಲಿ, ಏಕೆ ಎಂಬುದು ತಿಳಿಯುವುದಿಲ್ಲ. ‘ಆವೃತ್ತಿ’ ಇಲ್ಲಿ ಸರಿಯೇ? ‘ಬ್ಯಾಕಪ್’ಗೆ ‘ಮೀಸಲು ಪ್ರತಿ’, ‘ಕಾಪುಪ್ರತಿ’ ಎಂಬ ಸಲಹೆಗಳು ಬಂದಿವೆ, ಯಾವುದನ್ನು ಬಳಸಬಹುದು? ‘ಆರ್ಕೈವ್’ಗೆ ‘ಪತ್ರಾಗಾರ’ ಎನ್ನಬಹುದೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ:

ನಮಸ್ಕಾರ. ಮೊದಲು ‘ಯೋಜನೆ’ಯನ್ನು ತೆಗೆಯಿರಿ. ಸರ್ಕಾರ ಹಾಕಿಕೊಳ್ಳುವುದು ಯೋಜನೆ, ಎಂಜಿನಿಯರ್ ಬರೆದುಕೊಡುವುದು ನಕ್ಷೆ. ‘ನಕ್ಷೆ ಮಂಜೂರಾತಿ’ ಎಂದರೆ ನಗರಸಭೆಯ ಗುಮಾಸ್ತರಿಂದ ಮೇಸ್ತ್ರಿಯವರೆಗೆ ಎಲ್ಲರಿಗೂ ಗೊತ್ತು. ಮೇಲಾಗಿ ಕೆಲವು ತಂತ್ರಾಂಶಗಳಲ್ಲಿ ‘ಪ್ಲಾನ್’ ಕಡತ ಬೇರೆ, ‘ಪ್ರಾಜೆಕ್ಟ್’ ಬೇರೆ. ಎರಡಕ್ಕೂ ‘ಯೋಜನೆ’ ಎಂದು ಬರೆದರೆ ಅಧ್ಯಾಯದ ತುಂಬ ಗೊಂದಲ.

‘ಬ್ಯಾಕಪ್’ನ ತೊಡಕು ಇದಕ್ಕಿಂತ ದೊಡ್ಡದು. ಆ ಒಂದು ಪದ ಕನಿಷ್ಠ ನಾಲ್ಕು ಬೇರೆ ವಸ್ತುಗಳನ್ನು ಮುಚ್ಚಿಕೊಂಡು ಕೂತಿದೆ, ನಕ್ಷೆಗಳು ಕಳೆದುಹೋಗುವುದಕ್ಕೂ ಅದೊಂದು ಕಾರಣ. ಹಾಗಾಗಿ ಒಂದು ಪದಕ್ಕೆ ಒಂದು ಪದ ಹುಡುಕುವುದು ಬೇಡ, ನಾಲ್ಕು ವಸ್ತುವಿಗೆ ನಾಲ್ಕು ಹೆಸರು ಇಡೋಣ.

ಆಟೋಕ್ಯಾಡ್ ಎಂಬ ನಕ್ಷೆ ಬರೆಯುವ ತಂತ್ರಾಂಶದಲ್ಲಿ ನಕ್ಷೆ ಉಳಿಸಿದಾಗಲೆಲ್ಲ, ಅದಕ್ಕೂ ಹಿಂದಿನ ಸಲ ಉಳಿಸಿದ ಸ್ಥಿತಿ ಅದೇ ಫೋಲ್ಡರಿನಲ್ಲಿ ‘ಬಿಎಕೆ’ ಎಂಬ ಬಾಲದೊಂದಿಗೆ (ಕಡತದ ಹೆಸರಿನಲ್ಲಿ ಚುಕ್ಕೆಯ ನಂತರ ಬರುವ ಭಾಗ) ಉಳಿಯುತ್ತದೆ (ಐಸೇವ್‌ಬ್ಯಾಕ್ ಎಂಬ ಸೆಟ್ಟಿಂಗ್ 1 ಆಗಿರಬೇಕು). ವಿಂಡೋಸ್‌ನ ಸ್ಕೆಚ್‌ಅಪ್ ತಂತ್ರಾಂಶದಲ್ಲಿ ಇದೇ ಕೆಲಸ ‘ಎಸ್‌ಕೆಬಿ’ ಕಡತದ್ದು. ರೆವಿಟ್ ಎಂಬ ತಂತ್ರಾಂಶ ಕಡತದ ಹೆಸರಿನ ಕೊನೆಗೆ 0001, 0002 ಎಂದು ಸೇರಿಸಿ, ಒಬ್ಬರೇ ಕೆಲಸ ಮಾಡುವ ಕಡತಕ್ಕೆ ಸಾಮಾನ್ಯವಾಗಿ ಮೂರು ಹಳೆಯ ಸ್ಥಿತಿಗಳನ್ನು ಇಟ್ಟುಕೊಳ್ಳುತ್ತದೆ. ಇವೆಲ್ಲ ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಜೊತೆಗೇ ಹೋಗುತ್ತವೆ. ಇನ್ನೊಂದು ಅಪಾಯ: ಅಡುಗೆಮನೆ ಗೋಡೆಯನ್ನು ಅರಿಯದೆ ಅಳಿಸಿ ಎರಡು ಸಲ ಉಳಿಸಿದರೆ ಬಿಎಕೆ ಕಡತದಲ್ಲೂ ಆ ಗೋಡೆ ಇರುವುದಿಲ್ಲ. ಇದನ್ನು ‘ಹಿಂದಿನ ಪ್ರತಿ’ ಎನ್ನೋಣ. ಒಂದೋ ಕೆಲವೋ ಹೆಜ್ಜೆ ಹಿಂದಕ್ಕೆ ಹೋಗಬಹುದು, ಅಷ್ಟೇ ಎಂಬುದು ಹೆಸರಿನಲ್ಲೇ ಇದೆ.

ಎರಡನೆಯದು ತಂತ್ರಾಂಶ ತಾನಾಗಿ ಬರೆದುಕೊಳ್ಳುವ ಕಡತ. ಆಟೋಕ್ಯಾಡ್‌ನಲ್ಲಿ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ, ಸ್ಕೆಚ್‌ಅಪ್‌ನಲ್ಲಿ 5 ನಿಮಿಷಕ್ಕೊಮ್ಮೆ. ಆಟೋಕ್ಯಾಡ್ ಇದನ್ನು ‘ಎಸ್‌ವಿ ಡಾಲರ್’ ಬಾಲದೊಂದಿಗೆ ತಾತ್ಕಾಲಿಕ ಫೋಲ್ಡರಿನಲ್ಲಿ ಇಡುತ್ತದೆ, ನಕ್ಷೆಯನ್ನು ಕ್ರಮವಾಗಿ ಮುಚ್ಚಿದ ಕೂಡಲೇ ಅಳಿಸಿಬಿಡುತ್ತದೆ. ಕರೆಂಟು ಹೋದಾಗ ಅಥವಾ ತಂತ್ರಾಂಶ ನಡುವೆ ಕುಸಿದಾಗ ಮಾತ್ರ ಅದು ಉಳಿದಿರುತ್ತದೆ. ಇದನ್ನು ‘ಸ್ವಯಂಚಾಲಿತ ಬ್ಯಾಕಪ್’ ಎಂದು ಕರೆದರೆ ವಿದ್ಯಾರ್ಥಿಗೆ ಸುಳ್ಳು ಧೈರ್ಯ ಬರುತ್ತದೆ. ‘ಹೇಗೂ ತಾನೇ ಉಳಿಸುತ್ತಲ್ಲ’ ಎಂದು ಬೇರೆ ಏನೂ ಮಾಡುವುದಿಲ್ಲ. ‘ತುರ್ತು ಪ್ರತಿ’ ಎನ್ನಿ. ಯಾವಾಗ ಕೆಲಸಕ್ಕೆ ಬರುತ್ತದೆ ಎಂಬುದನ್ನು ಆ ಹೆಸರೇ ಹೇಳುತ್ತದೆ.

ಇವನ್ನು ತೆರೆಯುವ ಕ್ರಮವನ್ನೂ ಕೈಪಿಡಿಯಲ್ಲಿ ಬಿಡಿಸಿ ಬರೆಯಿರಿ, ಎಡವುವುದು ಅಲ್ಲೇ. ಆಟೋಕ್ಯಾಡ್‌ನಲ್ಲಿ ಮೊದಲು ‘ಡ್ರಾಯಿಂಗ್ ರಿಕವರಿ’ ಆದೇಶ ಕೊಟ್ಟು ಪಟ್ಟಿ ನೋಡಬೇಕು. ಅಲ್ಲಿ ಕಾಣದಿದ್ದರೆ ಆಪ್ಷನ್ಸ್‌ನ ಫೈಲ್ಸ್ ಪುಟದಲ್ಲಿ ತುರ್ತು ಪ್ರತಿ ಇರುವ ಜಾಗ ನೋಡಿಕೊಂಡು, ಆ ಕಡತವನ್ನು ಬೇರೆ ಫೋಲ್ಡರಿಗೆ ನಕಲು ಮಾಡಿ, ನಕಲಿನ ಬಾಲವನ್ನು ‘ಡಿಡಬ್ಲ್ಯುಜಿ’ (ಆಟೋಕ್ಯಾಡ್ ನಕ್ಷೆಯ ಬಾಲ) ಎಂದು ಬದಲಿಸಬೇಕು. ವಿಂಡೋಸ್‌ನಲ್ಲಿ ಕಡತದ ಬಾಲ ಕಾಣದಂತೆ ಇಟ್ಟಿದ್ದರೆ ಹೊಸ ಬಾಲ ಹಳೆಯದರ ಮುಂದೆ ಸೇರಿಕೊಳ್ಳುತ್ತದೆ: ‘ಮನೆ ಡಾಟ್ ಡಿಡಬ್ಲ್ಯುಜಿ ಡಾಟ್ ಬಿಎಕೆ’. ಆಟೋಕ್ಯಾಡ್ ಅದನ್ನು ನಕ್ಷೆ ಎಂದು ಗುರುತಿಸುವುದಿಲ್ಲ. ಮೊದಲು ಬಾಲ ಕಾಣಿಸುವ ಸೆಟ್ಟಿಂಗ್ ಹಾಕಿ, ಆಮೇಲೆ ಹೆಸರು ಬದಲಿಸಬೇಕು.

ಮೂರನೆಯದು ನಿಜವಾದ ಬ್ಯಾಕಪ್: ಬೇರೆ ಜಾಗದಲ್ಲಿ ಇಟ್ಟ ಪ್ರತಿ. ‘ಮೀಸಲು ಪ್ರತಿ’ ತಪ್ಪಲ್ಲ, ಆದರೆ ‘ಮೀಸಲು’ ಎಂದ ಕೂಡಲೇ ಮೀಸಲಾತಿ, ಮೀಸಲು ಕ್ಷೇತ್ರ ನೆನಪಾಗುತ್ತವೆ. ‘ಕಾಪುಪ್ರತಿ’ಯಲ್ಲಿ ‘ಕಾಪಿಡು’, ‘ಕಾಪಾಡು’ ಇದ್ದರೂ ಕಿವಿಗೆ ‘ಕಾಪಿ’ ಎಂದೇ ಕೇಳುತ್ತದೆ. ನನ್ನ ಒಲವು ‘ಎತ್ತಿಟ್ಟ ಪ್ರತಿ’ಯ ಕಡೆ. ಬಿತ್ತನೆಗೆ ಎತ್ತಿಟ್ಟ ರಾಗಿಯನ್ನು ಯಾರೂ ಊಟದ ರಾಗಿಯ ಜೊತೆ ಒಂದೇ ವಾಡೆಯಲ್ಲಿ ಇಡುವುದಿಲ್ಲ, ಬರ ಬಂದರೂ ಮುಟ್ಟುವುದಿಲ್ಲ. ಬ್ಯಾಕಪ್‌ನ ಎರಡು ಮುಖ್ಯ ನಿಯಮಗಳೂ ಅವೇ: ಬೇರೆ ಕಡೆ ಇರಬೇಕು, ದಿನದ ಕೆಲಸಕ್ಕೆ ತೆರೆಯಬಾರದು. ಕ್ರಿಯಾಪದವೂ ಸಲೀಸಾಗಿ ಬರುತ್ತದೆ: ‘ಎತ್ತಿಡಿ’, ‘ಎತ್ತಿಟ್ಟಿದ್ದೀರಾ?’ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಕಟ್ಟಡದಲ್ಲಿ ಎಂಬ 3-2-1 ಸೂತ್ರವನ್ನು ಇದರ ಜೊತೆಗೇ ಹೇಳಬಹುದು.

ಇಲ್ಲಿ ಕ್ಲೌಡ್ ಫೋಲ್ಡರಿನ ಬಗ್ಗೆ ಎಚ್ಚರಿಸಲೇಬೇಕು. ‘ಸಿಂಕ್’ ಆಗುವ ಫೋಲ್ಡರ್ ಕನ್ನಡಿಯಿದ್ದಂತೆ. ಎದುರಿಗೆ ಇರುವುದನ್ನೇ ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಗೋಡೆ ಅಳಿಸಿ ಉಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್ ನಕ್ಷೆಯಂಥ ಕಡತಗಳ ಹಳೆಯ ಸ್ಥಿತಿಗಳನ್ನು ಸಾಮಾನ್ಯವಾಗಿ 30 ದಿನ ಅಥವಾ 100 ಸ್ಥಿತಿಗಳವರೆಗೆ ಇಟ್ಟುಕೊಳ್ಳುತ್ತದೆ, ನಿಜ. ಆದರೆ ಮನೆ ಕಟ್ಟುವ ಕೆಲಸ ವರ್ಷಗಟ್ಟಲೆ ನಡೆಯುತ್ತದೆ. ಪಾಯದ ಹೊತ್ತಿನ ನಕ್ಷೆ ತಾರಸಿ ಹಾಕುವಾಗ ಬೇಕಾದರೆ 30 ದಿನ ಯಾವ ಮೂಲೆಗೂ ಸಾಲದು.

ನಾಲ್ಕನೆಯದು, ನಕ್ಷೆಯ ಜೊತೆಗೆ ಅದು ಅವಲಂಬಿಸಿದ್ದೆಲ್ಲ ಸೇರಿದ ಒಟ್ಟಣೆ. ಆಟೋಕ್ಯಾಡ್ ನಕ್ಷೆಯಲ್ಲಿ ಹೊರಗಿನಿಂದ ಜೋಡಿಸಿದ ನಕ್ಷೆಗಳು, ಚಿತ್ರಗಳು, ಅಕ್ಷರವಿನ್ಯಾಸಗಳು ಕಡತದ ಒಳಗೆ ಇರುವುದಿಲ್ಲ. ಅವು ಎಲ್ಲಿವೆ ಎಂಬ ದಾರಿ ಮಾತ್ರ ಇರುತ್ತದೆ. ಡಿಡಬ್ಲ್ಯುಜಿಯನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೆ ಇನ್ನೊಂದು ಕಂಪ್ಯೂಟರಿನಲ್ಲಿ ಕಾಲಮ್ ನಕ್ಷೆ ಇರಬೇಕಾದ ಕಡೆ ಖಾಲಿ. ಎಲ್ಲವನ್ನೂ ಕೂಡಿಸಿ ಜಿಪ್ ಮಾಡಲು ‘ಇ-ಟ್ರಾನ್ಸ್‌ಮಿಟ್’ ಇದೆ. ಚೀಫ್ ಆರ್ಕಿಟೆಕ್ಟ್ ಎಂಬ ಮನೆ ವಿನ್ಯಾಸದ ತಂತ್ರಾಂಶದಲ್ಲಿ ಇದೇ ಕೆಲಸದ ಆದೇಶ ‘ಬ್ಯಾಕಪ್ ಎಂಟೈರ್ ಪ್ಲಾನ್’. ಸ್ಕೆಚ್‌ಅಪ್ ಹೊದಿಕೆಯ ಚಿತ್ರಗಳನ್ನು ಕಡತದೊಳಗೇ ಸೇರಿಸಿಕೊಳ್ಳುತ್ತದೆ. ಸ್ವೀಟ್ ಹೋಮ್ 3ಡಿ ತಂತ್ರಾಂಶದ ಕಡತವಂತೂ ಒಳಗಿನಿಂದ ಜಿಪ್ಪೇ. ಇದಕ್ಕೆ ‘ಕಟ್ಟು’ ಎನ್ನಿ. ತಾಳೆಗರಿಯ ಕಾಲದಿಂದಲೂ ಒಂದು ಕೃತಿಗೆ ಸೇರಿದ ಗರಿಗಳೆಲ್ಲ ಒಟ್ಟಿಗೆ ಇರುವುದು ಕಟ್ಟಿನಲ್ಲೇ. ನಿಮ್ಮ ಮೂರನೆಯ ವಾಕ್ಯದ ‘ಸಂಪೂರ್ಣ ಬ್ಯಾಕಪ್’ ಎಂದರೆ ಈ ಕಟ್ಟು.

‘ಪತ್ರಾಗಾರ’ ಬೇಡ. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಇದೆ. ಆ ಪದ ಒಂದು ಸ್ಥಳದ, ಸಂಸ್ಥೆಯ ಹೆಸರು. ಚೀಫ್ ಆರ್ಕಿಟೆಕ್ಟ್‌ನ ‘ಆರ್ಕೈವ್ಸ್’ ಫೋಲ್ಡರಿನಲ್ಲಿ ಇರುವುದು ಹಿಂದೆ ಉಳಿಸಿದ ಸ್ಥಿತಿಗಳು, ಅಂದರೆ ಮೇಲೆ ಹೇಳಿದ ‘ಹಿಂದಿನ ಪ್ರತಿ’ಗಳೇ. ಬೇರೆ ಕಡೆ ‘ಆರ್ಕೈವ್’ ಎಂದರೆ ಜಿಪ್, ಅಂದರೆ ಕಟ್ಟು. ಇಂಗ್ಲಿಷ್ ಪದ ನೋಡಿ ಅಲ್ಲ, ವಸ್ತು ನೋಡಿ ಬರೆಯಿರಿ.

ಒಂದು ಮಾತು ‘ಕಡತ’ದ ಬಗ್ಗೆಯೂ. ಕಡತವೆಂದರೆ ಮೊದಲು ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿದ, ಮಡಿಸಿಡುವ ಬಟ್ಟೆಯ ಪುಸ್ತಕ. ಬಳಪದಿಂದ ಬರೆದು, ಬೇಡವಾದರೆ ಒರೆಸಿ, ಮತ್ತೆ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಹೆಸರಾದವು. ಒರೆಸಿ ಮೇಲೆ ಬರೆಯಬಹುದಾದ ದಾಖಲೆ ಎಂಬ ಅರ್ಥದಲ್ಲಿ ‘ಫೈಲ್’ಗೆ ಇದಕ್ಕಿಂತ ಚೆನ್ನಾಗಿ ಒಪ್ಪುವ ಪದ ಸಿಗದು. ಅದನ್ನು ದಯವಿಟ್ಟು ಉಳಿಸಿಕೊಳ್ಳಿ.

ಇನ್ನೊಂದು ಉತ್ತರ:

ಹಿಂದಿನ ಉತ್ತರಕ್ಕೆ ಬಹುಮಟ್ಟಿಗೆ ಸಹಮತ. ಆದರೆ ಮೆನು ಇಂಗ್ಲಿಷಿನಲ್ಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಪ್ರತಿ ಪದವನ್ನು ಮೊದಲ ಸಲ ಬಳಸುವಾಗ ಪರದೆಯ ಮೇಲೆ ಕಾಣುವ ಹೆಸರನ್ನೂ ಜೊತೆಗೆ ಕೊಡಿ. ಇಲ್ಲದಿದ್ದರೆ ವಿದ್ಯಾರ್ಥಿ ‘ಕಟ್ಟು’ ಎಂಬ ಗುಂಡಿಯನ್ನು ಹುಡುಕುತ್ತಾ ಕೂರುತ್ತಾನೆ. ಮಾತಿನಲ್ಲಿ ‘ಬ್ಯಾಕಪ್ ತಗೊಂಡ್ಯಾ?’ ಎಂಬುದು ಹೋಗುವುದೂ ಇಲ್ಲ, ಹೋಗಬೇಕಾಗಿಯೂ ಇಲ್ಲ. ಲಿಖಿತ ಸೂಚನೆಯಲ್ಲಿ ಮಾತ್ರ ನಾಲ್ಕನ್ನೂ ಬೇರೆ ಮಾಡಿದರೆ ಸಾಕು.

‘ಆವೃತ್ತಿ’ಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಆ ಪದದ ಮೂಲದಲ್ಲಿ ‘ಮರಳಿ ಬರುವುದು’ ಇದೆ. ಪುಸ್ತಕ ಮತ್ತೆ ಅಚ್ಚಾದರೆ ಎರಡನೇ ಆವೃತ್ತಿ. ತಂತ್ರಾಂಶಕ್ಕೆ ಅದು ರೂಢಿಯಾಗಿದೆ, ಹಾಗೇ ಇರಲಿ. ನಕ್ಷೆಗೂ ಅದನ್ನೇ ಬಳಸಿದಾಗ ನಿಮ್ಮ ಮೊದಲ ವಾಕ್ಯ ಎರಡು ದಿಕ್ಕಿಗೆ ಎಳೆಯುತ್ತದೆ. ‘ಹಳೆಯ ಆವೃತ್ತಿಯಲ್ಲಿ ಉಳಿಸಿ’ ಎಂದರೆ ಹಳೆಯ ತಂತ್ರಾಂಶದಲ್ಲಿ ತೆರೆಯುವ ಹಾಗೆ ಉಳಿಸುವುದೋ, ಹಳೆಯ ನಕ್ಷೆಯ ಮೇಲೆ ಬರೆದು ಉಳಿಸುವುದೋ? ಎರಡನೆಯ ಅರ್ಥ ಹಿಡಿದವರ ಹಳೆಯ ನಕ್ಷೆ ನಾಶವಾಗುತ್ತದೆ.

ಮೊದಲನೆಯದಕ್ಕೆ ‘ಕಡತದ ರೂಪ’ ಎನ್ನಿ. ಡಿಡಬ್ಲ್ಯುಜಿಗೆ 2010, 2013, 2018 ಎಂದು ರೂಪಗಳಿವೆ. 2018ರ ರೂಪದ ಕಡತ ಆಟೋಕ್ಯಾಡ್ 2017ರಲ್ಲಿ ತೆರೆಯುವುದಿಲ್ಲ. ಯಾವ ರೂಪ ಎಂದು ತಿಳಿಯಲು ಕಡತದ ಒಂದು ನಕಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಆರು ಅಕ್ಷರ ನೋಡಿ: ಎಸಿ1032 ಇದ್ದರೆ 2018ರದು, ಎಸಿ1027 ಆದರೆ 2013ರದು, ಎಸಿ1024 ಆದರೆ 2010ರದು. ನೋಡಿದ ಮೇಲೆ ನೋಟ್‌ಪ್ಯಾಡಿನಲ್ಲಿ ಉಳಿಸಬೇಡಿ, ಕಡತ ಕೆಡುತ್ತದೆ. ರೆವಿಟ್‌ನಲ್ಲಿ ಹಳೆಯ ರೂಪಕ್ಕೆ ಇಳಿಸುವ ದಾರಿಯೇ ಇಲ್ಲ. ಹೊಸ ರೆವಿಟ್‌ನಲ್ಲಿ ತೆರೆದು ಉಳಿಸಿದರೆ ಮುಗಿಯಿತು. ಹಾಗಾಗಿ ಹೊಸ ತಂತ್ರಾಂಶ ಹಾಕುವ ಮುನ್ನ ಹಳೆಯ ಕಡತಗಳನ್ನು ಎತ್ತಿಡಬೇಕು.

ಎರಡನೆಯದಕ್ಕೆ ‘ಪರಿಷ್ಕರಣೆ’. ಮಂಜೂರಾತಿ ಕಾಗದಗಳಲ್ಲಿ ‘ಪರಿಷ್ಕೃತ ನಕ್ಷೆ’ ಈಗಾಗಲೇ ಇದೆ. ‘ತಿದ್ದುಪಡಿ’ಯನ್ನು ಅದಕ್ಕಿಂತ ಚಿಕ್ಕ ಅರ್ಥದಲ್ಲಿ ಇಟ್ಟುಕೊಳ್ಳೋಣ: ಸ್ನಾನದ ಮನೆ ಬಾಗಿಲು ಎರಡೂವರೆ ಅಡಿಯಿಂದ ಎರಡೂಮುಕ್ಕಾಲು ಅಡಿ ಆದದ್ದು ಒಂದು ತಿದ್ದುಪಡಿ, ಅಂಥ ಐದು ತಿದ್ದುಪಡಿ ಸೇರಿ ಹೊರಬಿದ್ದ ಹಾಳೆ ಪರಿಷ್ಕರಣೆ 2. ಹಾಳೆಯ ಮೂಲೆಯ ಆರ್0, ಆರ್1, ಆರ್2 (ಆರ್ ಎಂದರೆ ರಿವಿಷನ್, ಪರಿಷ್ಕರಣೆ) ಪಟ್ಟಿಯಲ್ಲಿ ಸಂಖ್ಯೆ, ದಿನಾಂಕ, ಏನು ಬದಲಾಯಿತು, ಯಾರು ನೋಡಿದರು ಎಂಬ ನಾಲ್ಕು ಕಲಂ ಇರಲಿ. ನಕ್ಷೆ ಕಚೇರಿಯಿಂದ ಹೊರಹೋದಾಗ ಮಾತ್ರ ಆರ್ ಸಂಖ್ಯೆ ಏರಬೇಕು. ದಿನದ ಉಳಿಸುವಿಕೆಗೆಲ್ಲ ಸಂಖ್ಯೆ ಕೊಟ್ಟರೆ ಆರ್37 ಎಂದು ಬರೆದ ಹಾಳೆ ಹಿಡಿದ ಮೇಸ್ತ್ರಿ ಆರ್36 ಎಲ್ಲಿ ಎಂದು ಕೇಳುತ್ತಾನೆ; ಅದು ಯಾರ ಕೈಗೂ ಹೋಗಿರುವುದೇ ಇಲ್ಲ.

ಮೆಟ್ಟಿಲು ಒಳಗೋ ಹೊರಗೋ ಎಂದು ಮನೆಯವರಿಗೆ ತೋರಿಸಲು ಬರೆದ ಎರಡು ನಕ್ಷೆ ಪರಿಷ್ಕರಣೆಗಳಲ್ಲ, ಪಕ್ಕಪಕ್ಕದವು. ಅವಕ್ಕೆ ‘ಪರ್ಯಾಯ ಎ’, ‘ಪರ್ಯಾಯ ಬಿ’. ಹಸ್ತಪ್ರತಿ ಸಂಪಾದಕರು ಪಾಠಾಂತರವನ್ನೂ ತಿದ್ದಿದ ಪಾಠವನ್ನೂ ಬೇರೆ ಇಡುವ ಹಾಗೆಯೇ ಇದು.

ಕಡತದ ಹೆಸರಿಗೆ ಒಂದು ಮಾದರಿ: 30-40_ನೆಲಮಹಡಿ_ಎ_ಆರ್02_2025-03-14. ವರ್ಷ ಮೊದಲು ಬಂದರೆ ದಿನಾಂಕಗಳು ತಾವಾಗಿ ಸಾಲಾಗುತ್ತವೆ, ಸಂಖ್ಯೆಗೆ ಎರಡು ಅಂಕಿ ಇದ್ದರೆ 10 ಬಂದು 2ರ ಮುಂದೆ ಕೂರುವುದಿಲ್ಲ. ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಕಡತಕ್ಕೆ ರೋಮನ್ ಅಕ್ಷರದ ಹೆಸರೇ ಇರಲಿ. ಕೆಲವು ಹಳೆಯ ಜಿಪ್ ಉಪಕರಣಗಳು ಬೇರೆ ಲಿಪಿಯನ್ನು ಕೆಡಿಸುತ್ತವೆ, ಆಗ ಜೋಡಿಸಿದ ನಕ್ಷೆಗಳ ದಾರಿ ತಪ್ಪುತ್ತದೆ. ‘ಫೈನಲ್’ ಎಂಬ ಪದ ಹೆಸರಿನಲ್ಲಿ ಬೇಡವೇ ಬೇಡ. ‘ಮಂಜೂರಾತಿಗೆ’, ‘ಕಟ್ಟಡಕ್ಕೆ’ ಎಂದು ಉದ್ದೇಶ ಬರೆದರೆ ಯಾವುದನ್ನು ಸೈಟಿಗೆ ಕಳಿಸಬೇಕು ಎಂಬ ಅನುಮಾನ ಉಳಿಯುವುದಿಲ್ಲ.

‘ಮರುಸ್ಥಾಪಿಸಿ’ಯನ್ನೂ ಬಿಡಿ. ತಂತ್ರಾಂಶವನ್ನೇ ಮತ್ತೆ ಹಾಕಬೇಕೇನೋ ಎನಿಸುತ್ತದೆ. ‘ಮರಳಿ ಪಡೆಯಿರಿ’ ಸಾಕು.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಧನ್ಯವಾದ. ವಾಕ್ಯಗಳು ಈಗ ಹೀಗಾಗಿವೆ:

“ಹಳೆಯ ಆಟೋಕ್ಯಾಡ್ ಇರುವವರಿಗೆ ಕಳಿಸುವಾಗ ನಕ್ಷೆಯನ್ನು 2013ರ ರೂಪದಲ್ಲಿ, ಬೇರೆ ಹೆಸರಿನಿಂದ ಉಳಿಸಿ.”
“ತಂತ್ರಾಂಶ ನಡುವೆ ಕುಸಿದರೆ ಕೆಲಸವನ್ನು ತುರ್ತು ಪ್ರತಿಯಿಂದ ಮರಳಿ ಪಡೆಯಿರಿ.”
“ಪ್ರತಿ ಪರಿಷ್ಕರಣೆ ಹೊರಹೋಗುವ ದಿನ ನಕ್ಷೆಯ ಕಟ್ಟು ಮಾಡಿ, ಅದನ್ನು ಬೇರೆ ಡಿಸ್ಕಿನಲ್ಲಿ ಎತ್ತಿಡಿ.”

ಇನ್ನೊಂದು ಪದ ಬಾಕಿ ಇದೆ. ಮುದ್ರಣಕ್ಕೆ ನಕ್ಷೆಗಳನ್ನು ಜೋಡಿಸುವ ಪುಟಕ್ಕೆ ಈ ತಂತ್ರಾಂಶಗಳಲ್ಲಿ ‘ಲೇಔಟ್’ ಎನ್ನುತ್ತಾರೆ. ನಮ್ಮಲ್ಲಿ ಲೇಔಟ್ ಎಂದರೆ ಬಡಾವಣೆ. ‘ಲೇಔಟ್ ಕಡತವನ್ನೂ ಕಟ್ಟಿಗೆ ಸೇರಿಸಿ’ ಎಂದರೆ ವಿದ್ಯಾರ್ಥಿ ಬಡಾವಣೆಯ ನಕ್ಷೆ ಹುಡುಕುತ್ತಾನೆ. ‘ಹಾಳೆ’ ಎನ್ನಬಹುದೇ, ಅಥವಾ ಸರ್ವೆಯವರಲ್ಲಿ, ಮುದ್ರಣಾಲಯಗಳಲ್ಲಿ ಬೇರೆ ಪದ ಬಳಕೆಯಲ್ಲಿದೆಯೇ?